ಹೆಬ್ಬಾಳದ 30 ಎಕರೆಯಿಂದ ನಮ್ಮೂರ ರಾಗಿ ಹೊಲದವರೆಗೆ

ನಮ್ಮ ಕಡೆ ಅರವತ್ತು ದಾಟಿದ ಯಾವ ರೈತರನ್ನು ಕೇಳಿದರೂ 'ಇಂಡಾಫ್ ರಾಗಿ' ಗೊತ್ತು ಅನ್ನುತ್ತಾರೆ. ಕೆಲವರ ಬಾಯಲ್ಲಿ ಅದು ಇಂಡಾಪು. ಅದೊಂದು ಬೀಜದ ಕಂಪನಿಯ ಹೆಸರು ಅಂದುಕೊಂಡವರೂ ಇದ್ದಾರೆ. ಕಂಪನಿ ಅಲ್ಲ. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಇಂಡಾಫ್ ಆಗಿದೆ. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಮಂಡ್ಯದ ಒಂದು ಸರ್ಕಾರಿ ಜಮೀನಿನಲ್ಲಿ ಸಂಬಂಧ ಬೆಳೆಸಿ ಹುಟ್ಟಿಸಿದ ತಳಿ ಅದು.

ಆ ಜಮೀನಿನ ಹೆಸರು ವಿ.ಸಿ. ಫಾರ್ಮ್. ಅಲ್ಲಿಯೇ ಸಮಗ್ರ ಕೃಷಿ ವಿಶ್ವವಿದ್ಯಾಲಯ ಮಾಡುತ್ತೇವೆ ಎಂದು ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಹೇಳಿತು. ಹೊಸ ವಿಶ್ವವಿದ್ಯಾಲಯ ಎಂದ ಕೂಡಲೇ ನಮಗೆಲ್ಲ ಕಣ್ಣಿಗೆ ಬರುವುದು ಕಮಾನು, ಕಟ್ಟಡ, ಹಾಸ್ಟೆಲ್, ಉದ್ಘಾಟನೆಯ ಫಲಕ. ಆದರೆ ಎರಡು ಎಕರೆ ಖುಷ್ಕಿ ಇಟ್ಟುಕೊಂಡು ಮಳೆ ನೋಡುತ್ತಾ ಕೂತವರಿಗೆ ಇದರಿಂದ ಏನು ಸಿಗುತ್ತದೆ? ಮುಂದಿನದು ಹೇಳುವುದು ಕಷ್ಟ. ಹಿಂದಿನದು ಹೇಳಬಹುದು. ನಮ್ಮ ರಾಜ್ಯದಲ್ಲಿ ಸಂಶೋಧನೆಯ ಜಮೀನು, ಕೃಷಿ ಶಾಲೆ, ಕಾಲೇಜು, ವಿಶ್ವವಿದ್ಯಾಲಯ ಕಟ್ಟುತ್ತಾ ಬಂದು 125 ವರ್ಷ ಆಗಿದೆ. ಅದರಲ್ಲಿ ಯಾವುದು ಸಣ್ಣ ರೈತರ ಹೊಲ ಮುಟ್ಟಿತು, ಯಾವುದು ಕಾಂಪೌಂಡ್ ಒಳಗೇ ಉಳಿಯಿತು ಎಂದು ನೋಡೋಣ.

ಬರ ಬಂದ ಮೇಲೆ ಬಂದ ಬುದ್ಧಿ

1876ರಿಂದ 1878ರವರೆಗೆ ಮೈಸೂರು ಸೀಮೆಗೆ ಬಿದ್ದ ಬರವನ್ನು ನಮ್ಮ ಹಿರಿಯರು ಸಂವತ್ಸರದ ಹೆಸರಿನಿಂದ ಧಾತು, ಈಶ್ವರ ವರ್ಷದ ಬರ ಎಂದೇ ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನ ಎಂಟು ಲಕ್ಷ ಕಡಿಮೆಯಾದರು.

ಸತ್ತವರಲ್ಲಿ ಹೆಚ್ಚಿನವರು ರಾಗಿ ಬೆಳೆದು ರಾಗಿ ಉಂಡವರು. ಕೆರೆ ಒಣಗಿ, ರಾಗಿ ಕೈಕೊಟ್ಟರೆ ಬೇರೆ ಆಸರೆ ಇಲ್ಲದವರು. ಬರ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ನೇಮಿಸಿದ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟು, ಪ್ರಾಂತ್ಯಕ್ಕೊಂದು ಕೃಷಿ ಇಲಾಖೆ ಬೇಕು ಎಂದು ಹೇಳಿತು. ಅಲ್ಲಿಯವರೆಗೆ ಸರ್ಕಾರಕ್ಕೆ ರೈತ ಅಂದರೆ ಕಂದಾಯ. ಬೆಳೆ ಯಾಕೆ ಹೋಗುತ್ತದೆ, ಮಣ್ಣಿಗೆ ಏನು ಬೇಕು ಎಂದು ಕೇಳುವುದಕ್ಕೆ ಕಚೇರಿಯೇ ಇರಲಿಲ್ಲ.

30 ಎಕರೆ, 10 ಸಾವಿರ ರೂಪಾಯಿ

ಮೈಸೂರಿನಲ್ಲಿ ಆ ಕೆಲಸ ಶುರುವಾಗಿದ್ದು ಒಬ್ಬ ಹೆಣ್ಣುಮಗಳ ಕೈಯಿಂದ. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರಾಗಿದ್ದರಿಂದ ರಾಜ್ಯ ನೋಡಿಕೊಳ್ಳುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಅವರು 1899ರಲ್ಲಿ ಬೆಂಗಳೂರಿನ ಹೊರಗಿನ ಹೆಬ್ಬಾಳದಲ್ಲಿ 30 ಎಕರೆ ಜಮೀನು, ಆರಂಭದ ಖರ್ಚಿಗೆ 10,000 ರೂಪಾಯಿ ಕೊಟ್ಟರು. ಅಲ್ಲಿ ಒಂದು ಪ್ರಯೋಗ ಕ್ಷೇತ್ರ ಆಯಿತು. ಅದನ್ನು ನೋಡಿಕೊಂಡವರು ಜರ್ಮನ್ ಮೂಲದ ವಿಜ್ಞಾನಿ ಡಾ. ಲೆಹ್ಮನ್. ಯಾವ ಮಣ್ಣಿಗೆ ಏನು ಹಾಕಿದರೆ ಯಾವ ಬೆಳೆ ಹೇಗೆ ಬರುತ್ತದೆ ಎಂದು ನೋಡುವುದೇ ಅಲ್ಲಿನ ಮುಖ್ಯ ಕೆಲಸ.

ಇಂದು ಹೆಬ್ಬಾಳ ಎಂದರೆ ಮೇಲ್ಸೇತುವೆ ಮತ್ತು ಟ್ರಾಫಿಕ್. ಆಗ ಅದು ಕೆರೆಯ ಪಕ್ಕದ ಹಳ್ಳಿ. ಸುತ್ತ ರಾಗಿ, ಹುರುಳಿ, ಅವರೆ ಬೆಳೆಯುವ ಕೆಂಪು ಮಣ್ಣು. ಪ್ರಯೋಗಕ್ಕೆ ಆರಿಸಿದ ಜಮೀನು ಸುತ್ತಲಿನ ರೈತರ ಜಮೀನಿನಂತೆಯೇ ಇತ್ತು ಎನ್ನುವುದು ಮುಖ್ಯ. ಅಲ್ಲಿ ಬಂದ ಬೆಳೆ ಪಕ್ಕದ ಹೊಲದಲ್ಲೂ ಬರುತ್ತದೆ ಎಂದು ನಂಬಲು ಒಂದು ಆಧಾರ ಇತ್ತು.

ಅಡಿಕೆ ಕೊಳೆಯನ್ನು ಹುಡುಕಿ ಹೋದವರು

ಲೆಹ್ಮನ್ ಆದ ಮೇಲೆ ಬಂದವರು ಕೆನಡಾದ ಡಾ. ಲೆಸ್ಲಿ ಕೋಲ್ಮನ್. 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರಿಗೆ ಬಂದ ಅವರು ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೆ ಇಲ್ಲೇ ಉಳಿದರು.

ಅವರ ಮೊದಲ ದೊಡ್ಡ ಕೆಲಸ ಮಲೆನಾಡಿನದು. ಅಡಿಕೆ ಬೆಳೆಯುವವರಿಗೆ ಕೊಳೆರೋಗದ ಸಂಕಟ ಹೇಳಬೇಕಿಲ್ಲ. ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಎಳೆಕಾಯಿ ಕೊಳೆತು ಮರದ ಬುಡಕ್ಕೆ ಉದುರುತ್ತದೆ. ವರ್ಷದ ಗಳಿಕೆ ಹದಿನೈದು ದಿನದಲ್ಲಿ ಮುಗಿದುಹೋಗುತ್ತದೆ. ಮಳೆನೀರು ತಾಗದಂತೆ ಕೊನೆಗೆ ಕೊಟ್ಟೆ ಕಟ್ಟುವುದು ಅಲ್ಲಿನವರು ತಾವೇ ಕಂಡುಕೊಂಡಿದ್ದ ಉಪಾಯ. ಕೋಲ್ಮನ್ ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವಿವರವಾಗಿ ಬರೆದರು. ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಕೊನೆಗಳಿಗೆ ಹೊಡೆದರೆ ಕೊಳೆ ತಡೆಯಬಹುದು ಎಂದು ತೋರಿಸಿದರು.

ನೂರು ವರ್ಷ ದಾಟಿದರೂ ಮಲೆನಾಡಿನಲ್ಲಿ ಮೇ ಕೊನೆಗೆ ಮದ್ದು ಹೊಡೆಯುವ ಗಡಿಬಿಡಿ ನಿಂತಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನ ಬಿಟ್ಟು. ಮೈಲುತುತ್ತು, ಸುಣ್ಣ ಎರಡೂ ಪೇಟೆಯಲ್ಲಿ ಸಿಗುವ ವಸ್ತು. ಬೆರೆಸುವುದನ್ನು ಮನೆಯಲ್ಲೇ ಕಲಿಯಬಹುದು. ಇಷ್ಟು ವರ್ಷ ಉಳಿದುಬಂದದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಪಾಠವೂ ಇದೆ. ಅಡಿಕೆಯ ಕೊಳೆಯನ್ನು ಹೆಬ್ಬಾಳದ ಬಯಲಿನಲ್ಲಿ ಕೂತು ಕಾಣಲು ಆಗುವುದಿಲ್ಲ. ಮಲೆನಾಡಿನ ಮಳೆಗೇ ಹೋಗಬೇಕು. ಕೋಲ್ಮನ್ ಕಾಲದಲ್ಲಿ ಕ್ಷೇತ್ರಗಳು ಬೆಳೆ ಇದ್ದ ಕಡೆಗೇ ಹೋದವು. ಕಾಫಿಗೆ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕೇಂದ್ರ ಆಯಿತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಿಡುವ ಹೊತ್ತಿಗೆ, 1930ರ ಆಸುಪಾಸಿನಲ್ಲಿ, ಮಂಡ್ಯದ ಬಳಿ ಒಂದು ಫಾರ್ಮ್ ಆಯಿತು. ಆಗ ಆ ನಾಲೆಗೆ ಇರ್ವಿನ್ ನಾಲೆ ಎಂದು ಹೆಸರಿತ್ತು. ನಾಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಮೇಲೆ ಫಾರ್ಮ್ ಕೂಡ ವಿಶ್ವೇಶ್ವರಯ್ಯ ಕೆನಾಲ್ ಫಾರ್ಮ್, ಅಂದರೆ ವಿ.ಸಿ. ಫಾರ್ಮ್ ಆಯಿತು.

ಶಾಲೆ ಮೊದಲು, ವಿಶ್ವವಿದ್ಯಾಲಯ ಆಮೇಲೆ

1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಹುಡುಗರು ಅಲ್ಲೇ ಉಳಿದು ಕಲಿಯುವ ವಸತಿ ಶಾಲೆ. ಇದರ ಜೊತೆಗೆ ಸಂಸ್ಥಾನದ ಬೇರೆ ಕಡೆಗಳಲ್ಲಿ ರೈತರ ಮಕ್ಕಳಿಗಾಗಿ ಕನ್ನಡ ಕೃಷಿ ಶಾಲೆಗಳೂ ನಡೆದವು. ಹೆಬ್ಬಾಳದ ಶಾಲೆ 1946ರಲ್ಲಿ ಪದವಿ ಕೊಡುವ ಕಾಲೇಜಾಯಿತು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡದಲ್ಲಿ 1947ರಲ್ಲಿ ಇನ್ನೊಂದು ಕೃಷಿ ಕಾಲೇಜು ಬಂತು.

ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೆ ಊಟದ ಚಿಂತೆ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ತರಿಸುತ್ತಿದ್ದ ಕಾಲ ಅದು. ಕೃಷಿ ಶಿಕ್ಷಣಕ್ಕೂ ಅಮೆರಿಕದ ಮಾದರಿಯನ್ನೇ ನೋಡಿದರು. ಆ ಮಾದರಿಗೆ ಮೂರು ಕಾಲು. 1862ರಲ್ಲಿ ಲಿಂಕನ್ ಸಹಿ ಹಾಕಿದ ಕಾನೂನಿನಿಂದ ರಾಜ್ಯಗಳಿಗೆ ಸರ್ಕಾರಿ ಜಮೀನು ಸಿಕ್ಕಿ, ಅದರ ಹಣದಲ್ಲಿ ಕಾಲೇಜುಗಳಾದವು. 1887ರ ಕಾನೂನಿನಿಂದ ಆ ಕಾಲೇಜುಗಳಿಗೆ ಸಂಶೋಧನಾ ಕ್ಷೇತ್ರ ಬಂದವು. 1914ರ ಕಾನೂನಿನಿಂದ ಕಾಲೇಜಿನ ನೌಕರರೇ ಹಳ್ಳಿಗೆ ಹೋಗಿ ರೈತರಿಗೆ ಹೇಳಿಕೊಡುವ ವ್ಯವಸ್ಥೆ ಆಯಿತು. ಕಲಿಸುವುದು, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ.

ಈ ಮಾದರಿಯಲ್ಲಿ ನಮ್ಮ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ 1960ರಲ್ಲಿ ಪಂತನಗರದಲ್ಲಿ ಆಯಿತು. ಮೈಸೂರು ರಾಜ್ಯ 1963ರಲ್ಲಿ ಕಾನೂನು ಮಾಡಿತು. 1964ರ ಆಗಸ್ಟ್ 21ರಂದು ಆಗಿನ ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದರು. ಡಾ. ಕೆ.ಸಿ. ನಾಯಕ್ ಮೊದಲ ಕುಲಪತಿ. ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯ ನೆರವಿಗೆ ಬಂತು. ಹೆಬ್ಬಾಳ ಮತ್ತು ಧಾರವಾಡದ ಕಾಲೇಜುಗಳು, ರಾಜ್ಯದ ಉದ್ದಗಲಕ್ಕೂ ಇದ್ದ 35 ಸಂಶೋಧನಾ ಕೇಂದ್ರಗಳು ಇದರ ಕೈಗೆ ಬಂದವು. ಹೆಬ್ಬಾಳದ ಜಾಗ ಸಾಲದೆ, ಅಲ್ಲಿಂದ ಮುಂದೆ ಬಳ್ಳಾರಿ ರಸ್ತೆಯಲ್ಲಿ ಸುಮಾರು 1,300 ಎಕರೆಯಲ್ಲಿ ಹೊಸ ಆವರಣ ಎದ್ದಿತು. ಗಾಂಧೀಜಿಯ ಶತಮಾನೋತ್ಸವದ 1969ರಲ್ಲಿ, ಜುಲೈ 12ರಂದು, ಪ್ರಧಾನಿ ಇಂದಿರಾ ಗಾಂಧಿ ಬಂದು ಅದನ್ನು ಉದ್ಘಾಟಿಸಿದರು. ಅದೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. ನಾವೆಲ್ಲ ಕೃಷಿ ಮೇಳಕ್ಕೆ ಬಸ್ ಮಾಡಿಕೊಂಡು ಹೋಗುವ ಜಿಕೆವಿಕೆ.

ಆಮೇಲಿನದು ಬೇಗ ಹೇಳಬಹುದು. 1986ರಲ್ಲಿ ಧಾರವಾಡ ಬೇರೆ ವಿಶ್ವವಿದ್ಯಾಲಯ ಆಯಿತು. 2008ರಲ್ಲಿ ರಾಯಚೂರು, 2012ರಲ್ಲಿ ಶಿವಮೊಗ್ಗ. ತೋಟಗಾರಿಕೆಗೆ ಬಾಗಲಕೋಟೆ, ಪಶುವೈದ್ಯಕ್ಕೆ ಬೀದರ್. 30 ಎಕರೆಯಿಂದ ಶುರುವಾದದ್ದು ರಾಜ್ಯ ತುಂಬಾ ಹರಡಿತು.

ರಾಗಿ ಲಕ್ಷ್ಮಣಯ್ಯನವರ ಕೆಲಸ

ಕಟ್ಟಡಗಳ ಲೆಕ್ಕ ಅಲ್ಲಿಗಾಯಿತು. ಈಗ ಹೊಲದ ಲೆಕ್ಕ.

ಭತ್ತ, ಗೋಧಿಗೆ ಹೊರದೇಶದಿಂದ ಗಿಡ್ಡ ತಳಿಗಳು ಬಂದು ಹಸಿರು ಕ್ರಾಂತಿ ಆಯಿತು ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ರಾಗಿಗೆ ಅಂಥ ಅದೃಷ್ಟ ಇರಲಿಲ್ಲ. ಶ್ರೀಮಂತ ದೇಶಗಳು ಉಣ್ಣದ ಧಾನ್ಯಕ್ಕೆ ಹಣ ಹಾಕುವವರು ಯಾರು? ರಾಗಿಯ ಕೆಲಸ ಇಲ್ಲಿನವರೇ ಮಾಡಬೇಕಿತ್ತು.

ಹೆಬ್ಬಾಳದಲ್ಲಿ 1910ರ ದಶಕದಲ್ಲೇ ರಾಗಿಯ ಕೆಲಸ ಶುರುವಾಗಿತ್ತು. ಊರೂರಿನ ರಾಗಿಯಲ್ಲಿ ಒಳ್ಳೆಯ ಗಿಡ ಆರಿಸಿ, ಅದರ ಬೀಜವನ್ನೇ ಬೇರೆಯಾಗಿ ಬೆಳೆಸುತ್ತಾ ಹೋಗುವುದು. ನಮ್ಮ ಅಜ್ಜಿಯರು ಕಣದಲ್ಲಿ ಒಳ್ಳೆ ತೆನೆ ಆರಿಸಿ ಬೀಜಕ್ಕೆ ಇಡುತ್ತಿದ್ದರಲ್ಲ, ಅದನ್ನೇ ಕ್ರಮವಾಗಿ, ದಾಖಲೆ ಇಟ್ಟು ಮಾಡಿದರು. ಇದರಿಂದ ಇಳುವರಿ ಸ್ವಲ್ಪ ಏರಿತು. ಆದರೆ ಇದ್ದ ರಾಗಿಯಲ್ಲಿ ಇಲ್ಲದ ಗುಣವನ್ನು ಆರಿಸಿ ತರಲು ಆಗುವುದಿಲ್ಲ. ಅದಕ್ಕೆ ಎರಡು ಬೇರೆ ರಾಗಿಗಳ ಸಂಕರ ಬೇಕು.

ರಾಗಿಯಲ್ಲಿ ಸಂಕರ ಮಾಡುವುದು ಭಾರಿ ಕಷ್ಟದ ಕೆಲಸ. ರಾಗಿ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವದೊಳಗೆ. ತನ್ನ ಪರಾಗ ತನಗೇ ತಾಗಿ ಕಾಳು ಕಟ್ಟಿಬಿಡುತ್ತದೆ. ಬೇರೆ ಗಿಡದ ಪರಾಗ ಸೇರಲು ಸಂದು ಸಿಗುವುದೇ ಅಪರೂಪ.

ಇದನ್ನು ಪಟ್ಟು ಹಿಡಿದು ಮಾಡಿದವರು ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿದ್ದ ಲಕ್ಷ್ಮಣಯ್ಯನವರು. ಜನ ಇವತ್ತಿಗೂ ಅವರನ್ನು ರಾಗಿ ಲಕ್ಷ್ಮಣಯ್ಯ, ರಾಗಿ ಬ್ರಹ್ಮ ಎನ್ನುತ್ತಾರೆ.

ರಾಗಿಯನ್ನು ಸಂಕರ ಮಾಡುವ ಒಂದು ದಾರಿ ಹೀಗಿದೆ. ಎರಡು ಬೇರೆ ಗಿಡಗಳ ತೆನೆಗಳನ್ನು, ಹೂ ಬಿಡುವ ಹೊತ್ತಿಗೆ, ಒಂದಕ್ಕೊಂದು ತಾಗುವಂತೆ ಕಟ್ಟುತ್ತಾರೆ. ಸಾವಿರಾರು ಕಾಳಿನಲ್ಲಿ ಎಲ್ಲೋ ಕೆಲವಕ್ಕೆ ಮಾತ್ರ ಪಕ್ಕದ ತೆನೆಯ ಪರಾಗ ಸೇರುತ್ತದೆ. ಅವು ಯಾವುವು ಎಂದು ತಿಳಿಯುವುದು ಹೇಗೆ? ತಾಯಿ ಗಿಡ ಹಸಿರು ಬಣ್ಣದ್ದು, ತಂದೆ ಗಿಡ ನೇರಳೆ ಛಾಯೆಯದು ಆರಿಸಿಕೊಂಡರೆ, ಮರುವರ್ಷ ಬಿತ್ತಿದ ಪೈರಿನಲ್ಲಿ ನೇರಳೆ ಬಣ್ಣ ಕಂಡದ್ದೆಲ್ಲ ಸಂಕರ. ಉಳಿದದ್ದೆಲ್ಲ ಹಳೆಯದೇ. ಅಲ್ಲಿಂದ ಮುಂದೆ ತಲೆಮಾರು ತಲೆಮಾರು ಬಿತ್ತಿ, ಆರಿಸಿ, ಬಿತ್ತಿ, ಆರಿಸಿ ಒಂದು ತಳಿ ಗಟ್ಟಿಯಾಗಲು ಏಳೆಂಟು ವರ್ಷ ಬೇಕು. ಇದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ. ಜಮೀನು, ನಿದ್ದೆಗೆಡುವ ಮನಸ್ಸು, ಮತ್ತು ನಡುವೆ ವರ್ಗಾವಣೆ ಆಗದೆ ಒಂದೇ ಕಡೆ ಇರುವ ಅವಕಾಶ.

ಮೊದಲು ಅವರು ನಮ್ಮ ರಾಗಿಗಳನ್ನೇ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಆಮೇಲೆ ಆಫ್ರಿಕಾದ ರಾಗಿ ತರಿಸಿಕೊಂಡರು. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂದ ಧಾನ್ಯ ಅದು. ಅಲ್ಲಿನ ರಾಗಿಗೆ ದಪ್ಪ ಕಡ್ಡಿ, ದೊಡ್ಡ ತೆನೆ, ಆದರೆ ಕೊಯ್ಲು ತಡ. ನಮ್ಮದಕ್ಕೆ ತೆಂಡೆ ಹೆಚ್ಚು, ಬೇಗ ಬರುತ್ತದೆ, ನಮ್ಮ ಮಳೆಗೆ ಹೊಂದಿಕೊಂಡಿದೆ. ತವರಿನವರನ್ನೂ ಇಲ್ಲಿನವರನ್ನೂ ಮತ್ತೆ ಸೇರಿಸಿದ್ದರಿಂದ 1970ರ ದಶಕದಲ್ಲಿ ಇಂಡಾಫ್ ಸಾಲು ಬಂತು.

ಇಂಡಾಫ್ ಒಂದೇ ತಳಿಯಲ್ಲ ಎನ್ನುವುದು ಸಣ್ಣ ರೈತರಿಗೆ ಹೆಚ್ಚು ಉಪಕಾರ ಮಾಡಿತು. ಮಳೆ ಬೇಗ ಬಂದರೆ ದೀರ್ಘಾವಧಿಯ ಇಂಡಾಫ್-8. ನಡುವಿನದಕ್ಕೆ ಇಂಡಾಫ್-5. ಆಗಸ್ಟ್‌ವರೆಗೂ ಮಳೆ ಕಾಯಿಸಿದರೆ ಮೂರು ತಿಂಗಳಿಗೆಲ್ಲ ಬರುವ ಇಂಡಾಫ್-9. ಮಳೆ ತಪ್ಪಿದರೆ ಹೊಲ ಬೀಳು ಬಿಡಬೇಕಾಗಿದ್ದವರಿಗೆ ಇನ್ನೊಂದು ಅವಕಾಶ ಸಿಕ್ಕಿತು.

ಇಂಡಾಫ್ ತಳಿಗಳಿಗೆ ಬೆಂಕಿ ರೋಗದ ಕಾಟ ಇತ್ತು. ಅದನ್ನು ತಡೆಯುವ ತಳಿಯನ್ನು ಬೆಂಗಳೂರಿನ ವಿಜ್ಞಾನಿಗಳು 1990ರ ದಶಕದಲ್ಲಿ ಕೊಟ್ಟರು. ಅದೇ ಜಿಪಿಯು-28. ಅದರ ವಂಶದಲ್ಲೂ ಇಂಡಾಫ್ ರಕ್ತ ಇದೆ. ಇಂದು ರೈತ ಸಂಪರ್ಕ ಕೇಂದ್ರದಿಂದ ಆ ಬೀಜದ ಚೀಲ ತರುವವರು ಲಕ್ಷ್ಮಣಯ್ಯನವರ ಕೆಲಸವನ್ನೇ ಮುಂದುವರಿಸಿದ ಕಾಳನ್ನು ಮನೆಗೆ ತರುತ್ತಾರೆ. ರಾಗಿ ಬೆಳೆಯುವ ಭೂಮಿ ವರ್ಷದಿಂದ ವರ್ಷಕ್ಕೆ ಕಡಿಮೆಯಾದರೂ ನಮ್ಮ ತಟ್ಟೆಯ ಮುದ್ದೆ ಕಡಿಮೆಯಾಗದೆ ಇರಲು ಈ ಇಳುವರಿಯೇ ಕಾರಣ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇವತ್ತಿಗೂ ಕರ್ನಾಟಕದ್ದು.

ಕೈಯಿಂದ ಕೈಗೆ ಹೋದ ಬೀಜ

ರಾಗಿ ತನ್ನ ಪರಾಗ ತಾನೇ ತೆಗೆದುಕೊಳ್ಳುವ ಬೆಳೆ ಎಂದೆವು. ಸಂಕರ ಮಾಡುವವರಿಗೆ ಇದು ಕಷ್ಟ. ರೈತರಿಗೆ ಇದೇ ವರ. ಒಮ್ಮೆ ಒಳ್ಳೆಯ ತಳಿ ಕೈಗೆ ಬಂದರೆ ಅದರ ಕಾಳನ್ನೇ ಮುಂದಿನ ವರ್ಷ ಬಿತ್ತಬಹುದು. ಕೂರಿಗೆಯಲ್ಲಿ ಬಿತ್ತಿದರೆ ಎಕರೆಗೆ ನಾಲ್ಕೈದು ಕಿಲೋ, ನಾಟಿಗೆ ಎರಡು ಕಿಲೋ ಬೀಜ ಸಾಕು. ಅಷ್ಟನ್ನು ಪಕ್ಕದ ಮನೆಯಿಂದ ಸೇರಿನಲ್ಲಿ ಅಳೆದು ತರಬಹುದು, ಸುಗ್ಗಿ ಆದ ಮೇಲೆ ವಾಪಸ್ ಅಳೆಯಬಹುದು. ಮಗಳ ಊರಿನಿಂದ ತವರಿಗೆ, ಸೋದರಮಾವನ ಮನೆಯಿಂದ ಅಳಿಯನ ಹೊಲಕ್ಕೆ ಇಂಡಾಫ್ ಹೋಗಿದ್ದು ಹೀಗೆ. ಯಾವ ಕಚೇರಿಯ ಅರ್ಜಿಯೂ ಬೇಕಾಗಲಿಲ್ಲ.

ಧಾರವಾಡದ ಹತ್ತಿಯ ಕಥೆ ಬೇರೆ. ಅಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ತಂದ ಮೊದಲ ಹೈಬ್ರಿಡ್ ಎಂದು ಅದಕ್ಕೆ ಲೋಕದಲ್ಲೇ ಹೆಸರು. ಉದ್ದನೆಯ ನೂಲಿನ ಹತ್ತಿ, ಒಳ್ಳೆ ಬೆಲೆ. ನೀರು, ಗೊಬ್ಬರ, ಔಷಧಿಗೆ ಹಣ ಇದ್ದವರಿಗೆ ಅದು ನಿಜಕ್ಕೂ ಲಕ್ಷ್ಮಿ ಆಯಿತು. ಆದರೆ ಹೈಬ್ರಿಡ್ ಬೀಜ ಮನೆಯಲ್ಲಿ ಉಳಿಸಿಕೊಂಡು ಬಿತ್ತುವಂಥದ್ದಲ್ಲ. ಪ್ರತಿ ವರ್ಷ ಕೊಳ್ಳಬೇಕು. ಬೆಳೆ ಕೈಕೊಟ್ಟ ವರ್ಷ ರಾಗಿಯವರು ಬೀಜವನ್ನಷ್ಟೇ ಕಳೆದುಕೊಂಡರೆ, ಹತ್ತಿಯವರು ಸಾಲವನ್ನೂ ತಲೆ ಮೇಲೆ ಹೊತ್ತರು.

ಎರಡೂ ವಿಶ್ವವಿದ್ಯಾಲಯದ ಕೆಲಸವೇ, ಎರಡೂ ಒಳ್ಳೆಯ ವಿಜ್ಞಾನವೇ. ಒಂದು ಬಡವರ ಹೊಲಕ್ಕೆ ತಾನಾಗಿ ನಡೆದು ಹೋಯಿತು. ಇನ್ನೊಂದಕ್ಕೆ ಹಣದ ಊರುಗೋಲು ಬೇಕಾಯಿತು.

ಮಳೆ ನಂಬಿದ ಹೊಲದ ಪ್ರಯೋಗ

1970ರಲ್ಲಿ ದೇಶದ ಮಟ್ಟದಲ್ಲಿ ಒಣ ಬೇಸಾಯದ ಸಂಶೋಧನಾ ಯೋಜನೆ ಶುರುವಾಯಿತು. ಅದರ ಒಂದು ಕೇಂದ್ರ ಜಿಕೆವಿಕೆಯಲ್ಲಿ ಆಯಿತು. ಕೃಷಿ ಹೊಂಡ, ಇಳಿಜಾರಿಗೆ ತಕ್ಕ ಬದು, ಮಳೆ ನೋಡಿ ತಳಿ ಆರಿಸುವ ಲೆಕ್ಕ ಇವೆಲ್ಲ ಇಂಥ ಕೇಂದ್ರಗಳಲ್ಲಿ ಅಳೆದು ತೂಗಿ ಹೇಳಿದ ಮಾತು.

ಇಲ್ಲಿನ ಒಂದು ಶಿಫಾರಸು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ಇದನ್ನು ಓದಿದಾಗ ನಮ್ಮ ಹಿರಿಯರು ನಗಬಹುದು. ಅಕ್ಕಡಿ ಸಾಲು ಅವರಿಗೆ ಹೊಸದೇ? ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಎಳೆಯುವುದು ನಮ್ಮ ಬಯಲುಸೀಮೆಯ ಹಳೆಯ ಪದ್ಧತಿ. ರಾಗಿ ಹೋದರೆ ತೊಗರಿ ಕೈಹಿಡಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ವಿಜ್ಞಾನಿಗಳು ಮಾಡಿದ್ದು, ಎಷ್ಟು ಸಾಲಿಗೆ ಎಷ್ಟು ಹಾಕಿದರೆ ಎರಡೂ ಬೆಳೆ ಸೇರಿ ಹೆಚ್ಚು ಬರುತ್ತದೆ ಎಂದು ವರ್ಷಾನುಗಟ್ಟಲೆ ತೂಗಿ ನೋಡಿದ್ದು. ಹೀಗೆ ರೈತರ ಪದ್ಧತಿಯನ್ನು ಒಳಗೆ ತಂದು, ಅಳೆದು, ಮತ್ತೆ ರೈತರಿಗೇ ಕೊಟ್ಟ ಕೆಲಸ ಗಟ್ಟಿಯಾಗಿ ನಿಂತಿದೆ. ಹಾವೇರಿ ಕಡೆಯ ರೈತರ 'ಗುಳಿ ರಾಗಿ' ಕೂಡ ಇಂಥದ್ದೇ. ಸಾಲಿಗೆ ಸಾಲು ಅಂತರ ಬಿಟ್ಟು ಗುಳಿಯಲ್ಲಿ ಪೈರು ನೆಟ್ಟು, ಮೇಲೆ ಕೊರಡು ಹೊಡೆದು ತೆಂಡೆ ಹೆಚ್ಚಿಸುವ ಈ ಪದ್ಧತಿ ಯಾವ ಪ್ರಯೋಗಾಲಯದಲ್ಲೂ ಹುಟ್ಟಿದ್ದಲ್ಲ.

ಇನ್ನೊಂದು ಪ್ರಯೋಗ 1978ರಿಂದ ಜಿಕೆವಿಕೆಯ ಹೊಲದಲ್ಲಿ ನಡೆಯಿತು. ಒಂದೇ ಜಾಗದಲ್ಲಿ ವರ್ಷ ವರ್ಷ ರಾಗಿ. ಒಂದು ಪಟ್ಟಿಗೆ ಬರೀ ರಾಸಾಯನಿಕ ಗೊಬ್ಬರ, ಇನ್ನೊಂದಕ್ಕೆ ಅದರ ಜೊತೆ ಕೊಟ್ಟಿಗೆ ಗೊಬ್ಬರ. ಬರೀ ಗೊಬ್ಬರದ ಚೀಲ ನಂಬಿದ ಪಟ್ಟಿಯಲ್ಲಿ ಇಳುವರಿ ವರ್ಷ ಕಳೆದಂತೆ ಇಳಿಯಿತು. ಎಕರೆಗೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರವನ್ನೂ ಸೇರಿಸಿದ ಪಟ್ಟಿ ಚೆನ್ನಾಗಿ ನಿಂತಿತು. ಇಂಥ ಸತ್ಯ ಒಂದೆರಡು ವರ್ಷದಲ್ಲಿ ಕಾಣುವುದಿಲ್ಲ. ಯಾವ ರೈತರೂ ತಮ್ಮ ಹೊಲ ಕೆಡಿಸಿಕೊಂಡು ಇದನ್ನು ಪರೀಕ್ಷೆ ಮಾಡಲು ಆಗುವುದಿಲ್ಲ. ಸರ್ಕಾರದ ಜಮೀನು ಇರಬೇಕಾದದ್ದು ಇದಕ್ಕೇ. ಆದರೆ ಈಗ ಕೊಟ್ಟಿಗೆ ಖಾಲಿ. ಉಳುವುದು ಟ್ರ್ಯಾಕ್ಟರ್. ನಾಲ್ಕು ಟನ್ ಗೊಬ್ಬರ ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೂ ಇದೇ ಕ್ಷೇತ್ರಗಳಿಂದ ಉತ್ತರ ಬರಬೇಕು.

ಮೂರನೇ ಕಾಲು

ಅಮೆರಿಕದ ಮಾದರಿಗೆ ಮೂರು ಕಾಲು ಎಂದೆವು. ನಮ್ಮಲ್ಲಿ ಕಾಲೇಜು, ಸಂಶೋಧನೆ ಎರಡೂ ವಿಶ್ವವಿದ್ಯಾಲಯಕ್ಕೆ ಬಂದವು. ಹಳ್ಳಿಗೆ ಹೋಗುವ ನೌಕರರು ಮಾತ್ರ ಕೃಷಿ ಇಲಾಖೆಯಲ್ಲೇ ಉಳಿದರು. ಬೀಜ ಕಂಡುಹಿಡಿಯುವವರು ಒಂದು ಕಡೆ, ಬೀಜ ಹಂಚುವವರು ಇನ್ನೊಂದು ಕಡೆ. ರೈತ ಸಂಪರ್ಕ ಕೇಂದ್ರ ಇಲಾಖೆಯದು, ಕೃಷಿ ಮೇಳ ವಿಶ್ವವಿದ್ಯಾಲಯದ್ದು. ನಾವು ಸುದ್ದಿಗೆ ಹೋದಾಗ ರೈತರು ಹೇಳುವ ದೂರಿನಲ್ಲಿ ಅರ್ಧ ಈ ಸಂದಿನಲ್ಲೇ ಹುಟ್ಟಿದ್ದು. ಮೇಳದಲ್ಲಿ ನೋಡಿದ ತಳಿ ಹೋಬಳಿಯಲ್ಲಿ ಸಿಗುವುದಿಲ್ಲ. ಹೋಬಳಿಯಲ್ಲಿ ಸಿಗುವ ಬೀಜದ ಬಗ್ಗೆ ಕೇಳಿದರೆ ಹೇಳುವವರು ಇರುವುದಿಲ್ಲ.

ಈ ಸಂದು ಮುಚ್ಚಲು ಬಂದದ್ದೇ ಕೃಷಿ ವಿಜ್ಞಾನ ಕೇಂದ್ರಗಳು. ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ಆಯಿತು. ಈಗ ದೇಶದಲ್ಲಿ 700ಕ್ಕೂ ಹೆಚ್ಚು ಇವೆ. ಹೊಸ ತಳಿಯನ್ನು ರೈತರ ಹೊಲದಲ್ಲೇ ಹಾಕಿ ತೋರಿಸುವುದು, ಮಣ್ಣು ಪರೀಕ್ಷೆ, ತರಬೇತಿ ಅಲ್ಲಿನ ಕೆಲಸ. ಕೃಷಿ ಪದವಿಯ ಕೊನೆಯ ವರ್ಷದ ಮಕ್ಕಳು ಹಳ್ಳಿಯಲ್ಲಿ ಬಂದು ಇರುವ ಕಾರ್ಯಕ್ರಮವೂ ಇದೆ. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುವ ಹುಡುಗ ಹುಡುಗಿಯರನ್ನು ನೀವು ನೋಡಿರಬಹುದು. ಅವರಿಗೆ ಊರಿನ ಕೆರೆ, ಕಾಲುವೆ ತೋರಿಸಿ ಕಳಿಸಿಬಿಡಬೇಡಿ. ನಿಮ್ಮ ಹೊಲಕ್ಕೂ ಕರೆದುಕೊಂಡು ಹೋಗಿ. ಮುಂದೆ ಅಧಿಕಾರಿಗಳೋ ವಿಜ್ಞಾನಿಗಳೋ ಆಗುವವರು ಅವರೇ.

ಹೊಸ ಕಟ್ಟಡಕ್ಕೆ ಹಳೆಯ ಪ್ರಶ್ನೆಗಳು

2015-16ರ ಕೃಷಿ ಗಣತಿ ಪ್ರಕಾರ ಕರ್ನಾಟಕದ ಹಿಡುವಳಿಗಳಲ್ಲಿ ಹತ್ತಕ್ಕೆ ಎಂಟು ಐದು ಎಕರೆಯ ಒಳಗಿನವು. ವಿಶ್ವವಿದ್ಯಾಲಯ ಯಾರಿಗೆ ಎಂದು ಕೇಳಿದರೆ ಉತ್ತರ ಈ ಲೆಕ್ಕದಲ್ಲೇ ಇದೆ. ಹಾಗಾಗಿ ಮಂಡ್ಯವೇ ಇರಲಿ, ಮುಂದೆ ಯಾವ ಜಿಲ್ಲೆಯೇ ಇರಲಿ, ಹೊಸ ಕೃಷಿ ವಿಶ್ವವಿದ್ಯಾಲಯ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಇವು.

ಒಂದು, ಅಲ್ಲಿನ ಪ್ರಯೋಗದ ಜಮೀನಿನಲ್ಲಿ ಬರೀ ಮಳೆಗೆ ಬಿಟ್ಟ ಭಾಗ ಎಷ್ಟು? ಮಂಡ್ಯ ಎಂದರೆ ನಾಲೆ ಮಾತ್ರವಲ್ಲ. ನಾಗಮಂಗಲವೂ ಮಂಡ್ಯವೇ.

ಎರಡು, ಅಲ್ಲಿಂದ ಬರುವ ಬೀಜವನ್ನು ರೈತರು ಮರುವರ್ಷ 'ನಮ್ಮದು' ಎಂದು ಬಿತ್ತಬಹುದೇ, ಅಥವಾ ಪ್ರತಿ ಮುಂಗಾರಿಗೂ ಅಂಗಡಿಗೆ ಹೋಗಬೇಕೇ?

ಮೂರು, ಒಂದು ಬೆಳೆಯ ಮೇಲೆ ಕೆಲಸ ಮಾಡುವವರನ್ನು ಹತ್ತು ವರ್ಷ ಅಲ್ಲೇ ಬಿಡುತ್ತಾರೆಯೇ? ಹುದ್ದೆ ಖಾಲಿ ಇಟ್ಟು ಕಟ್ಟಡ ಮಾತ್ರ ಎಬ್ಬಿಸಿದರೆ ಇನ್ನೊಬ್ಬ ಲಕ್ಷ್ಮಣಯ್ಯ ಹುಟ್ಟುವುದಿಲ್ಲ.

ನಾಲ್ಕು, ತರಬೇತಿ ಯಾವ ಹೊತ್ತಿಗೆ, ಯಾರಿಗೆ? ಕಳೆ ಕೀಳುವವರು, ಪೈರು ನಾಟಿ ಮಾಡುವವರು, ಬೀಜ ಕಾಯ್ದಿಡುವವರು ಹೆಚ್ಚಾಗಿ ಹೆಂಗಸರು. ಪಹಣಿಯಲ್ಲಿ ಹೆಸರಿಲ್ಲ ಎಂದು ಅವರನ್ನು ಬಿಟ್ಟರೆ ಅರ್ಧ ಬೇಸಾಯವನ್ನೇ ಬಿಟ್ಟಂತೆ.

ಇವನ್ನು ಕೇಳಲು ಹೊಸ ವಿಶ್ವವಿದ್ಯಾಲಯ ಬರುವವರೆಗೆ ಕಾಯಬೇಕಿಲ್ಲ. ಪ್ರತಿ ಕೃಷಿ ವಿಜ್ಞಾನ ಕೇಂದ್ರಕ್ಕೂ ಒಂದು ವೈಜ್ಞಾನಿಕ ಸಲಹಾ ಸಮಿತಿ ಇರುತ್ತದೆ. ಮುಂದಿನ ವರ್ಷ ಯಾವ ಬೆಳೆಯ ಮೇಲೆ ಏನು ಮಾಡಬೇಕು ಎಂದು ಚರ್ಚೆ ಆಗುವುದು ಅಲ್ಲಿ. ಅದರಲ್ಲಿ ರೈತ ಪ್ರತಿನಿಧಿಗಳೂ ಇರುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಅವರು ಯಾರು, ಅವರಿಗೆ ಎಷ್ಟು ಎಕರೆ ಜಮೀನಿದೆ, ಅದರಲ್ಲಿ ಮಳೆಗೆ ಬಿಟ್ಟದ್ದು ಎಷ್ಟು, ಕಳೆದ ಸಭೆ ಯಾವಾಗ ಆಯಿತು? ಕೇಂದ್ರಕ್ಕೆ ಹೋದಾಗ ಬೀಜದ ಜೊತೆ ಇದನ್ನೂ ಕೇಳಿ ಬನ್ನಿ.